ಕೊನೆಯ ಗದ್ದೆ ಮುಟ್ಟುವವರೆಗೆ

ಸೋಮಯ್ಯನ ಗುದ್ದಲಿ ಮೂರನೆಯ ಅಡಿಗೆ ಇಳಿದಾಗ ಮಣ್ಣಿನ ಜೊತೆ ನೀರೂ ಬಂತು. ಅವನು ಕೆಲಸ ನಿಲ್ಲಿಸಿ ಕಾಲಿನ ಹೆಬ್ಬೆರಳಿನಿಂದ ಗುಂಡಿಯ ತಳವನ್ನು ಒತ್ತಿ ನೋಡಿದ. ಬೆರಳು ಒಳಗಿಳಿಯಿತು, ಸುತ್ತ ಕೆಂಪು ನೀರು ನಿಂತಿತು. ಬೆಳಿಗ್ಗೆ ಜಾಗ ಗುರುತು ಮಾಡುವಾಗ ಇದೇ ನೆಲ ಬಿರುಕು ಬಿಟ್ಟಿತ್ತು. ಮಗ್ಗುಲಿನ ಕಾಲುವೆಯಲ್ಲಿ ಹತ್ತು ದಿನದಿಂದ ಕಪ್ಪೆ ಮುಳುಗುವಷ್ಟು ನೀರೂ ಇರಲಿಲ್ಲ.

"ಕಾಲ್ವೆ ಏರಿ ಹತ್ತಿ ನೋಡಪ್ಪ" ಎಂದು ಮೇಲೆ ನಿಂತಿದ್ದ ತಿಮ್ಮರಾಜುವಿಗೆ ಹೇಳಿದ. ತಿಮ್ಮರಾಜು ಸತ್ತವನ ಅಳಿಯ. ಅವನು ಏರಿ ಹತ್ತಿ ಇಣುಕಿದ.

"ನೀರು ಬತ್ತಾ ಅದೆ ಮಾವ. ಮೊಣಕಾಲುದ್ದ ಅದೆ."

ಗುಂಡಿ ತೆಗೆಯುತ್ತಿದ್ದುದು ಊರಿನ ನೀರುಗಂಟಿ ಚಲುವಯ್ಯನಿಗೆ, ಸೋಮಯ್ಯನ ಸ್ವಂತ ಅಣ್ಣನಿಗೆ. ನಲವತ್ತೊಂದು ವರ್ಷ ಕೆರೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನಿಸಿದವನು ಈಗ ತನ್ನ ಮನೆಯ ಜಗಲಿಯ ಮೇಲೆ ಗೋಡೆಗೆ ಒರಗಿ, ಸೇವಂತಿಗೆ ಹಾರ ಹಾಕಿಸಿಕೊಂಡು ಕೂತಿದ್ದ. ಬದುಕಿದ್ದಾಗ ಅವನು ಅಷ್ಟು ಹೊತ್ತು ಒಂದೇ ಕಡೆ ಕೂತದ್ದನ್ನು ನೋಡಿದವರು ಊರಲ್ಲಿ ಇರಲಿಲ್ಲ.

ಆ ಕೆರೆಗೆ ತನ್ನದೇ ಕಟ್ಟಳೆಗಳಿದ್ದವು. ತೂಬಿನ ಕಬ್ಬಿಣದ ಹಿಡಿಯನ್ನು ನೀರುಗಂಟಿ ಬಿಟ್ಟು ಇನ್ನೊಬ್ಬ ಮುಟ್ಟುವ ಹಾಗಿಲ್ಲ. ನೀರು ಬಿಟ್ಟ ದಿನ ಅವನು ಹಿಡಿಯನ್ನು ಅಲ್ಲೇ ಬಿಟ್ಟು, ತನ್ನ ಟವೆಲ್ಲನ್ನು ತೂಬಿನ ಕಂಬಕ್ಕೆ ಕಟ್ಟಿ ಬರಬೇಕು. ಕೊನೆಯ ಗದ್ದೆ ಮುಟ್ಟುವವರೆಗೆ ಆ ಗಂಟು ಬಿಚ್ಚುವಂತಿಲ್ಲ, ತೂಬು ಮುಚ್ಚುವಂತಿಲ್ಲ. ಟವೆಲ್ಲಿಲ್ಲದೆ ಹರಿದ ನೀರು ಕಳವಿನ ನೀರು. ನೀರುಗಂಟಿ ಸತ್ತರೆ ಅವನು ಮಣ್ಣಾಗುವ ತನಕ ತೂಬಿನ ಕಡೆ ಯಾರೂ ಹೆಜ್ಜೆ ಇಡಬಾರದು. ಹನ್ನೊಂದನೆಯ ದಿನ ತಿಥಿ ಮುಗಿದು ಹೊಸಬನ ಕೈಗೆ ಹಿಡಿ ಸೇರುವವರೆಗೆ ತೂಬು ಎತ್ತಬಾರದು. ಯಾರಾದರೂ ಕದ್ದು ಎತ್ತಿದ್ದರೆ ಮಾತ್ರ ಸತ್ತವನ ಮನೆಯ ಹಿರಿಯ ಹೋಗಿ ಮುಚ್ಚಬಹುದು. ಊರಿಗೆ ಕರೆಂಟು ಬಂತು, ಮೊಬೈಲು ಬಂತು, ಹಾಲಿನ ಡೈರಿಗೆ ಕಂಪ್ಯೂಟರು ಬಂತು. ಈ ಕಟ್ಟಳೆ ಮಾತ್ರ ಇದ್ದ ಕಡೆಯಿಂದ ಅಲುಗಿರಲಿಲ್ಲ.

ಸೋಮಯ್ಯ ಗುಂಡಿಯಿಂದ ಮೇಲೆ ಬಂದು ದೂರಕ್ಕೆ ಕಣ್ಣು ಹಾಯಿಸಿದ. ಕೆರೆಯ ಕೆಳಗೆ ಮೊದಲು ಸಿಗುವುದು ರಂಗಸ್ವಾಮಿ ಗೌಡರ ನಾಲ್ಕು ಎಕರೆ. ನಿನ್ನೆ ಸಂಜೆವರೆಗೆ ಬೂದಿ ಬಣ್ಣಕ್ಕೆ ತಿರುಗಿದ್ದ ಆ ಗದ್ದೆಗಳು ಈಗ ಬಿಸಿಲಿಗೆ ಪಳಪಳ ಹೊಳೆಯುತ್ತಿದ್ದವು.

"ಹೆಣ ಇನ್ನೂ ಜಗಲಿ ಮೇಲದೆ" ಎಂದ ಸೋಮಯ್ಯ. "ಅಷ್ಟ್ರಲ್ಲೇ ತೂಬ್ ಎತ್ತವ್ರೆ."

ಯಾರು ಎಂದು ಯಾರೂ ಕೇಳಲಿಲ್ಲ. ಅಲ್ಲಿದ್ದ ಆರೇಳು ಜನರಲ್ಲಿ ಇಬ್ಬರು ಗುದ್ದಲಿಯ ಕಾವು ಬಿಗಿ ಹಿಡಿದರು.

*

ಸುದ್ದಿ ಕೇರಿಗೆ ಬಂದಾಗ ಚಲುವಯ್ಯನ ಒಬ್ಬಳೇ ಮಗಳು ಪ್ರಿಯಾಂಕ ಅಪ್ಪನ ಬಲಗೈ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಕ್ಕಿಹೆಬ್ಬಾಳಿನಿಂದ ಗಂಡ ತಿಮ್ಮರಾಜುವಿನ ಬೈಕಿನಲ್ಲಿ ಏಳೂವರೆಗೇ ಬಂದಿದ್ದಳು. ಗಂಡಸರು ಹೆಣಕ್ಕೆ ನೀರು ಹಾಕಿ ಹೊಸ ಪಂಚೆ ಉಡಿಸಿದ್ದರು. ಅಂಗೈಯ ಕಪ್ಪು ಮಾತ್ರ ಹೋಗಿರಲಿಲ್ಲ. ಅವಳು ಸೀಗೆಪುಡಿ ಹಾಕಿ ಉಜ್ಜಿದಳು, ಸೋಪು ಹಾಕಿ ಉಜ್ಜಿದಳು. ಯಾರ ಮನೆಗಾದರೂ ಕೈಕಾಲು ತೊಳೆದೇ ಹೋಗುತ್ತಿದ್ದ ಅಪ್ಪನನ್ನು ಕೊಳಕು ಕೈಯಲ್ಲಿ ಕಳಿಸಲು ಅವಳಿಗೆ ಮನಸ್ಸಿರಲಿಲ್ಲ.

ಪಕ್ಕದಲ್ಲಿದ್ದ ತಾಯಿ ಕುಳ್ಳಮ್ಮ ಮಗಳ ಕೈ ತಡೆದಳು. "ಬುಡವ್ವ. ಅಂಗೇ ಇರ್ಲಿ."

ತಿಮ್ಮರಾಜು ಬಂದು ಗುಂಡಿಯಲ್ಲಿ ನೀರು ಬಂದುದನ್ನು ಹೇಳಿದ. ಪ್ರಿಯಾಂಕಳಿಗೆ ಅಪ್ಪನ ಮಾತು ನೆನಪಾಯಿತು. ಹೋದ ವರ್ಷ ಕೇರಿಯ ಹಿರಿಯನೊಬ್ಬನನ್ನು ಮಳೆಗಾಲದಲ್ಲಿ ಮಣ್ಣು ಮಾಡಿ ಬಂದ ಸಂಜೆ ಅಪ್ಪ ತನ್ನ ಕಾಲುಗಳನ್ನು ನೋಡಿಕೊಂಡು ಕೂತಿದ್ದ. ಬೆರಳ ಸಂದಿಯೆಲ್ಲ ಕೆಸರು ತಿಂದು ಬೆಳ್ಳಗಾಗಿತ್ತು, ಹಿಮ್ಮಡಿ ಸೀಳಿತ್ತು. "ಬದುಕೆಲ್ಲ ನೀರಲ್ಲೇ ನಿಂತಿವ್ನಿ ಕಣವ್ವ. ನನ್ನ ಮಾತ್ರ ಒಣ ನೆಲದಲ್ಲಿ ಮಲಗ್ಸಿ" ಎಂದಿದ್ದ. ಅವಳು ಆಯ್ತು ಬುಡಪ್ಪ ಎಂದಿದ್ದಳು. ಅಪ್ಪ ಅವಳಲ್ಲಿ ಏನನ್ನಾದರೂ ಕೇಳಿದ್ದು ಅದೊಂದೇ ಸಲ.

ಅವಳು ಎದ್ದು ಒಳಗೆ ಹೋಗಿ ಬಾಗಿಲ ಹಿಂದಿನ ಗೂಟ ನೋಡಿದಳು. ಹತ್ತು ದಿನದಿಂದ ಅಲ್ಲಿ ನೇತಾಡುತ್ತಿದ್ದ ತೂಬಿನ ಹಿಡಿ ಇರಲಿಲ್ಲ, ಅಪ್ಪ ತಿರುಪು ನೋಡಿಬರಲು ಒಯ್ದಿರಬೇಕು. ಹಾಲು ಹಾಕಲು ಹೊರಟಿದ್ದ ರಂಗಸ್ವಾಮಿಯೇ ಬೆಳಿಗ್ಗೆ ಆರಕ್ಕೆ ಏರಿಯ ಹೊಂಗೆ ಮರದ ಬುಡದಲ್ಲಿ ಅಪ್ಪ ಸತ್ತು ಬಿದ್ದಿದ್ದನ್ನು ಕಂಡು, ಹೆಗಲ ಮೇಲೆ ಹೊತ್ತು ತಂದವನು. ಹಾಗಾದರೆ ಹಿಡಿ ತೆಗೆದುಕೊಂಡವನೂ ಅವನೇ. ಸತ್ತವನ ಕೈಯಿಂದ.

"ತೂಬ್ ಮುಚ್ಸಿ ಗುಂಡಿ ಒಣಗುಸ್ತೀನಿ" ಎಂದು ಹೊರಟವಳನ್ನು ಕುಳ್ಳಮ್ಮ ಸೆರಗು ಹಿಡಿದು ನಿಲ್ಲಿಸಿದಳು. ಯಾರೂ ತೂಬಿನ ತಾವಕ್ಕೆ ಹೋಗಬೇಡಿ ಎಂದಳು. ಯಾಕೆ ಎಂದು ಕೇಳಿದರೆ ಸೆರಗು ಬಿಟ್ಟು ಮುಖ ಮುಚ್ಚಿಕೊಂಡಳು.

*

ಎರಡು ವರ್ಷದ ಹಿಂದೆ ಊರಿಗೆ ಎರಡು ಜೀಪು ಬಂದಿದ್ದವು. ದೇಶ ೨೦೭೦ರೊಳಗೆ ಗಾಳಿಗೆ ಬಿಡುವ ಕೊಳೆಯನ್ನೂ ಹೀರಿಕೊಳ್ಳುವ ಕೊಳೆಯನ್ನೂ ಸರಿಸಮ ಮಾಡಬೇಕಂತೆ, ಅದಕ್ಕೆ ನೆಟ್ ಝೀರೋ ಎಂದು ಹೆಸರಂತೆ. ಅದಕ್ಕೆ ದಾರಿ ಹೇಳಲು ಸರ್ಕಾರ ಒಂದು ಸಲಹಾ ತಂಡ ಕಟ್ಟಿತ್ತು. ಒಂದು ವಿಶ್ವವಿದ್ಯಾಲಯ, ಒಂದು ಪರದೇಶದ ಕಂಪನಿ, ಒಂದು ಇಲಾಖೆ, ಮೂವರೂ ಕೂಡಿದ ತಂಡ. ಮೂರು ಎತ್ತು ಒಂದು ನೇಗಿಲು ಎಂದು ಡೈರಿಯ ಮುಂದೆ ಯಾರೋ ನಕ್ಕರು. ಊರಿನಲ್ಲಿ ಕೆಲಸ ನೋಡಿಕೊಳ್ಳುವವಳು ಪ್ರಮೀಳಾ, ಪಾಂಡವಪುರದ ಕಡೆಯವಳು, ಬೇಸಾಯದ ಓದು ಓದಿದವಳು.

ಕೆರೆಯ ಅರಳಿಕಟ್ಟೆಯ ಮೇಲೆ ಕೂರಿಸಿ ಅವಳು ವಿವರಿಸಿದಳು. ಗದ್ದೆಯಲ್ಲಿ ಸದಾ ನೀರು ನಿಂತರೆ ಕೆಸರೊಳಗೆ ಹುಲ್ಲು ಕೊಳೆತು ಒಂದು ಗಾಳಿ ಮೇಲೆ ಬರುತ್ತದೆ, ಅದು ಲೋಕವನ್ನು ಕಾಯಿಸುತ್ತದೆ. ನಡುನಡುವೆ ಗದ್ದೆ ಒಣಗಿಸಿದರೆ ಆ ಗಾಳಿ ಅರ್ಧ ಕಡಿಮೆಯಾಗುತ್ತದೆ. ಇಲ್ಲಿ ತೋರಿಸಿ ಕೊಟ್ಟರೆ ಬೇರೆ ತಾಲ್ಲೂಕುಗಳಿಗೂ ಇದೇ ಸಲಹೆ ಹೋಗುತ್ತದೆ. ಎಲ್ಲರೂ ಗಾಳಿ ಕಣ್ಣಿಗೆ ಕಾಣುತ್ತದೆಯೇ ಎಂದು ಮುಖ ಮುಖ ನೋಡಿಕೊಂಡರು. ಹಿಂದೆ ನಿಂತಿದ್ದ ಚಲುವಯ್ಯ ಮಾತ್ರ ತಲೆಯಾಡಿಸಿದ.

"ಕೆಸ್ರು ಉಸ್ರು ಬುಡೋದು ಅಲ್ವಾ ಮೇಡಮ್ಮೋರೆ? ಮಟಮಟ ಮಧ್ಯಾಹ್ನದಲ್ಲಿ ಗುಳ್ಳೆ ಎದ್ದು ಒಡೀತದೆ. ನೋಡಿವ್ನಿ."

ಪ್ರಮೀಳಾ ಆ ದಿನವೇ ಅವನನ್ನು ಹಿಡಿದುಕೊಂಡಳು. ತೂತು ಕೊರೆದ ಹನ್ನೆರಡು ಕೊಳವೆಗಳನ್ನು ಗದ್ದೆಗಳಲ್ಲಿ ಹೂಳಿದರು. ಕೊಳವೆಯೊಳಗೆ ನೀರು ಮಣ್ಣಿನ ಮಟ್ಟದಿಂದ ಒಂದು ಚೋಟು ಕೆಳಗಿಳಿದ ಮೇಲೆ ತೂಬು ಎತ್ತಬೇಕು, ಅದಕ್ಕೆ ಮೊದಲು ಎತ್ತಬಾರದು. ಹದಿನೈದು ಸೆಂಟಿಮೀಟರ್ ಎಂದು ಅವಳು ಹೇಳಿದಾಗ ಹೆಬ್ಬೆರಳು ತೋರುಬೆರಳು ಅಗಲಿಸಿ ಚೋಟು ಎಂದು ತೋರಿಸಿದವನು ಅವನೇ. ಅವಳು ತನ್ನ ಅಳತೆಪಟ್ಟಿ ಇಟ್ಟು ನೋಡಿದಳು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಈ ಪೂಜಾರಿ ಎಲ್ಲರಿಗೂ ಕೊಟ್ಟ. ಮೊದಲ ವರ್ಷ ಬೆಳೆ ಕೈಗೆ ಬಂತು, ನೀರು ಉಳಿಯಿತು, ಕೆರೆಯಲ್ಲಿ ಬೇಸಿಗೆಗೂ ದನ ಮೈತೊಳೆಯುವಷ್ಟು ನಿಂತಿತು. ಬೆಂಗಳೂರಿನ ಸಭೆಯಲ್ಲಿ ಪ್ರಮೀಳಾ ಅವನ ಫೋಟೊ ತೋರಿಸಿ, ನಮ್ಮ ತಂಡದ ನಾಲ್ಕನೆಯವರು ಇವರು ಎಂದಳಂತೆ. ಅದನ್ನು ಅವನು ಕುಳ್ಳಮ್ಮನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಕುಳ್ಳಮ್ಮ ಇಡೀ ಕೇರಿಗೆ ಹೇಳಿದಳು.

ಈ ವರ್ಷ ತಂಡ ಹತ್ತು ದಿನ ಒಟ್ಟಿಗೆ ಒಣಗಿಸಿ ನೋಡಬೇಕೆಂದಿತು. ಹನ್ನೊಂದನೆಯ ದಿನ, ಗುರುವಾರ, ದೆಹಲಿಯಿಂದ, ಹೊರದೇಶದಿಂದ ಜನ ಬಂದು ಒಣಗಿದ ಗದ್ದೆಯ ಮೇಲೆ ಗಾಳಿ ಅಳೆಯುವ ಡಬ್ಬಿ ಇಡುವವರಿದ್ದರು. ಗುರುವಾರ ನೀರು ಬಿಡೋಣ, ಅಲ್ಲಿಯವರೆಗೆ ತೂಬು ಎತ್ತಬೇಡಿ ಎಂದು ಪ್ರಮೀಳಾ ಕೇಳಿಕೊಂಡಳು. ಚಲುವಯ್ಯ ಆಯ್ತು ಕಣವ್ವ ಎಂದು ಮಾತು ಕೊಟ್ಟ.

*

ಮಾತು ಕೊಡುವುದು ಸುಲಭ. ಪೈರಿಗೆ ಆ ಮಾತು ಗೊತ್ತಿರಲಿಲ್ಲ.

ಈ ಸಲ ನಾಲೆಯ ನೀರು ತಡವಾಗಿ ಕೆರೆಗೆ ಬಂದಿತ್ತು. ನೀರಿಗಾಗಿ ಕಾದು ಕಾದು ಸಸಿ ಒಟ್ಟಲಿನಲ್ಲೇ, ಅಂದರೆ ಸಸಿಮಡಿಯಲ್ಲೇ, ಬಲಿತು ಹೋಗಿತ್ತು. ತಂಡದ ಹಾಳೆಯಲ್ಲಿ ನಾಟಿಯ ತಾರೀಖು ಬರೆಯಲು ಜಾಗ ಇತ್ತು, ಸಸಿ ಒಟ್ಟಲಿನಲ್ಲಿ ಎಷ್ಟು ದಿನ ಕಾದಿತ್ತು ಎಂದು ಬರೆಯಲು ಇರಲಿಲ್ಲ. ಹಾಳೆಯ ಲೆಕ್ಕಕ್ಕೆ ದಂಟಿನೊಳಗೆ ತೆನೆ ಮೂಡಿ ಹೊಡೆ ತುಂಬಲು ಇನ್ನೂ ವಾರ ಬಾಕಿ, ಬಲಿತ ಸಸಿಗೆ ಆ ಹೊತ್ತು ಆಗಲೇ ಬಂದಿತ್ತು. ಬುಡಕ್ಕೆ ನೀರಿಲ್ಲದೆ ಹೊಡೆ ತುಂಬಿದರೆ ಕಾಳು ಕಟ್ಟುವುದಿಲ್ಲ, ತೆನೆಯೆಲ್ಲ ಜೊಳ್ಳು. ಅದನ್ನು ಊರಿನ ಯಾವ ಹೆಂಗಸಾದರೂ ಹೇಳುತ್ತಾಳೆ.

ಭಾನುವಾರ ಡೈರಿಯ ಮುಂದೆ ರಂಗಸ್ವಾಮಿ ಹಾಲಿನ ಕ್ಯಾನು ಇಳಿಸಿ ಚಲುವಯ್ಯನನ್ನು ಅಡ್ಡಗಟ್ಟಿದ್ದ. ಒಂದು ಪೈರು ಕಿತ್ತು ತಂದಿದ್ದ. ಎಲೆ ಸುರುಳಿ ಸುತ್ತಿತ್ತು.

"ನೋಡ್ಲಾ ಚಲುವ. ನಿನ್ ಕಣ್ಗೆ ಏನ್ ಮಣ್ ಬಿದ್ದದೆ?"

ಚಲುವಯ್ಯ ಪೈರಿನ ದಂಟನ್ನು ಬೆರಳಲ್ಲಿ ಹಿಸುಕಿ ನೋಡಿದ. ಗುರುವಾರದವರೆಗೆ ತಡೆಯಿರಿ ಎಂದ. ರಂಗಸ್ವಾಮಿಗೆ ತಲೆ ಕೆಟ್ಟಿತು. ಇಪ್ಪತ್ತು ಜನರ ಮುಂದೆ ಆ ಮಾತು ಆಡಿದ.

"ನೀನ್ ಸತ್ ದಿನ ನಾನೇ ತೂಬ್ ಎತ್ತೋದು ಕಣ್ಲಾ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂರು ದಿನಕ್ಕೆ ಚಲುವಯ್ಯ ಸತ್ತ, ಅವನನ್ನು ಮೊದಲು ಕಂಡವನು ರಂಗಸ್ವಾಮಿ, ಮಧ್ಯಾಹ್ನಕ್ಕೆ ರಂಗಸ್ವಾಮಿಯ ಗದ್ದೆಯಲ್ಲಿ ನೀರು.

*

ರಂಗಸ್ವಾಮಿ ಹಾರ ಹಿಡಿದು ಕೇರಿಯವರನ್ನು ಮಣ್ಣು ಮಾಡುವ ಜಾಗಕ್ಕೆ ಬಂದಾಗ ಒಂದೂವರೆ ಗಂಟೆ. ಇಷ್ಟು ವರ್ಷದಲ್ಲಿ ಅವನು ಅಲ್ಲಿ ಕಾಲಿಟ್ಟಿದ್ದು ಅದೇ ಮೊದಲು. ಹಾರ ಅವನ ಕೈಯಲ್ಲೇ ಉಳಿಯಿತು. ಇಬ್ಬರು ಅವನ ಅಂಗಿಯ ಕೊರಳಪಟ್ಟಿ ಹಿಡಿದು ಗುಂಡಿಯ ಅಂಚಿಗೆ ಎಳೆದುಕೊಂಡು ಹೋದರು. ಗುಂಡಿಯಲ್ಲಿ ಆಗಲೇ ಗೇಣುದ್ದ ನೀರು. ಕಾಲುವೆಯ ಕಡೆಯ ಗೋಡೆಯಿಂದ ಇನ್ನೂ ಜಿನುಗುತ್ತಿತ್ತು.

"ನೋಡಿ ಗೌಡ್ರೆ" ಎಂದ ಸೋಮಯ್ಯ. "ನಮ್ಮಣ್ಣನ್ನ ಇದ್ರೊಳಿಕ್ಕೆ ಮುಳುಗುಸ್ಬೇಕಾ?"

ರಂಗಸ್ವಾಮಿ ತಾನು ತೂಬು ಎತ್ತಿಲ್ಲ ಎಂದ. ಯಾರೂ ನಂಬಲಿಲ್ಲ. ಹಿಡಿ ಎಲ್ಲಿ ಎಂದು, ಗಂಡನ ಹಿಂದೆಯೇ ಅಲ್ಲಿಗೆ ಬಂದಿದ್ದ ಪ್ರಿಯಾಂಕ ಕೇಳಿದಳು. ಅವನು ಅವಳ ಮುಖ ನೋಡಲಾರದೆ ನೆಲ ನೋಡಿದ.

"ಹಿಡಿ ನಾನ್ ಕಾಣೆ ಕಣವ್ವ. ನಿಮ್ಮಪ್ಪನ ಕೈಲಿ ಏನೂ ಇರ್ಲಿಲ್ಲ. ಹತ್ ಗಂಟೆಗೆ ಗದ್ದೆ ತಾವ ಹೋದಾಗ ನೀರು ಬಂದಿತ್ತು. ಯಾರು ಬುಟ್ರು ಅಂತ ನಾನು ಕೇಳ್ಲಿಲ್ಲ. ಬಂತಲ್ಲ ಅಂತ ಸುಮ್ಕಾದೆ. ಅದೊಂದು ನನ್ ತಪ್ಪು."

ಅದನ್ನು ಕೇಳಿ ಕೊರಳಪಟ್ಟಿ ಹಿಡಿದವನ ಕೈ ಇನ್ನೂ ಬಿಗಿಯಾಯಿತು. ಆ ಹೊತ್ತಿಗೆ ಪ್ರಮೀಳಾಳ ಜೀಪು ಬಂತು. ಅವಳು ಹೂವಿನ ಚಕ್ರ ಹಿಡಿದು ಇಳಿದಳು, ಹೊಳೆಯುತ್ತಿದ್ದ ಗದ್ದೆಗಳನ್ನು ನೋಡಿ ಅಲ್ಲೇ ನಿಂತಳು. ನಾಳೆ ಡಬ್ಬಿಗಳು ಬರುವ ಗದ್ದೆಗಳು ಅವು. ಎರಡು ವರ್ಷದ ಕೆಲಸ.

"ಯಾರು ನೀರು ಬಿಟ್ಟಿದ್ದು?" ಎಂದಳು.

ಎಲ್ಲರೂ ರಂಗಸ್ವಾಮಿಯನ್ನು ತೋರಿಸಿದರು. ಸೋಮಯ್ಯ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಕಳವಿನ ತೂಬು ಮುಚ್ಚಿ ಬರುತ್ತೇನೆ ಎಂದು ಹೊರಟ. ಮುಚ್ಚಿದರೆ ಒಂದೆರಡು ಗಂಟೆಯಲ್ಲಿ ಕಾಲುವೆ ಇಳಿದು ಗುಂಡಿ ಒಣಗುತ್ತದೆ, ಹೊತ್ತು ಮುಳುಗುವ ಮುಂಚೆ ಮಣ್ಣು ಮಾಡಬಹುದು. ಆಮೇಲೆ ಹನ್ನೊಂದು ದಿನ ಯಾರ ಗದ್ದೆಗೂ ಹನಿ ಇಲ್ಲ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಕಾಲುವೆಯ ಕೊನೆಯಲ್ಲಿ ಹದಿನೈದು ಗುಂಟೆ ಮಾಡಿಕೊಂಡಿದ್ದ ಮುದುಕಿ ಮಾರಮ್ಮನಿಗೂ ಗೊತ್ತಿತ್ತು. ಅವಳು ಗುಂಡಿಯ ಪಕ್ಕದಲ್ಲೇ ಕೂತು ತನ್ನ ಗದ್ದೆಯ ಕಡೆ ನೋಡುತ್ತಿದ್ದಳು.

"ನಾನೂ ಬತ್ತೀನಿ ಚಿಕ್ಕಪ್ಪ" ಎಂದಳು ಪ್ರಿಯಾಂಕ. ಹೆಂಗಸರು ತೂಬಿನ ಹತ್ತಿರ ಹೋಗುವ ವಾಡಿಕೆ ಇರಲಿಲ್ಲ. ಅವಳ ಮುಖ ನೋಡಿ ಯಾರೂ ಅದನ್ನು ನೆನಪಿಸಲಿಲ್ಲ. ರಂಗಸ್ವಾಮಿಯನ್ನೂ ಕರೆದುಕೊಂಡರು. ಪ್ರಮೀಳಾ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ನಡೆದಳು.

ತೂಬು ಏರಿಯ ತಿರುವಿನ ಆಚೆಗಿತ್ತು, ಊರಿಗೆ ಕಾಣುತ್ತಿರಲಿಲ್ಲ. ಹೊಂಗೆ ಮರ ದಾಟುವಾಗ, ಚಲುವ ಇಲ್ಲೇ ಬಿದ್ದಿದ್ದ ಎಂದು ರಂಗಸ್ವಾಮಿ ತೋರಿಸಿದ. ತಿರುವು ಬಂತು.

ತೂಬಿನ ಕಲ್ಲುಕಂಬಕ್ಕೆ ಕೆಂಪಂಚಿನ ಟವೆಲ್ಲು ಕಟ್ಟಿತ್ತು. ಗಾಳಿಗೆ ತುದಿ ಅಲ್ಲಾಡುತ್ತಿತ್ತು. ಕಬ್ಬಿಣದ ಹಿಡಿ ತಿರುಪಿನಲ್ಲೇ ಇತ್ತು. ತಿರುಪಿಗೆಲ್ಲ ಹೊಸದಾಗಿ ಗ್ರೀಸು ಬಳಿದಿತ್ತು, ಹತ್ತು ದಿನ ಅಲುಗದೆ ಬಿಗಿದುಕೊಂಡಿದ್ದ ತಿರುಪು ಸುಲಭಕ್ಕೆ ಬಿಚ್ಚಿರಲಿಕ್ಕಿಲ್ಲ.

ಪ್ರಿಯಾಂಕಳಿಗೆ ಬೆಳಿಗ್ಗೆಯಿಂದ ತಾನು ಉಜ್ಜಿದ ಕಪ್ಪು ಏನೆಂದು ತಿಳಿಯಿತು. ಅವಳು ಟವೆಲ್ಲಿನ ತುದಿ ಹಿಡಿದು ಮೂಸಿದಳು. ಬೀಡಿ, ಬೆವರು, ಬೇವಿನೆಣ್ಣೆ. ಬೆಳಗಿನಿಂದ ಬಾರದಿದ್ದ ಅಳು ಅಲ್ಲಿ ಬಂತು. ಅವಳು ಕಂಬಕ್ಕೆ ಹಣೆ ಹಚ್ಚಿ ಗಟ್ಟಿಯಾಗಿ ಅತ್ತಳು.

ಸೋಮಯ್ಯ ಆ ಗಂಟನ್ನು ನೋಡಿದ, ರಂಗಸ್ವಾಮಿಯನ್ನು ನೋಡಿದ. ಹೆಗಲ ಮೇಲಿನ ತನ್ನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

ಪ್ರಮೀಳಾ ಏರಿಯ ಕಲ್ಲಿನ ಮೇಲೆ ಕುಸಿದು ಕೂತಳು. "ನಿನ್ನೆ ಸಾಯಂಕಾಲ ಚಲುವಯ್ಯ ಮೂರು ಸಲ ಫೋನ್ ಮಾಡಿದ್ರು" ಎಂದಳು. "ಮೀಟಿಂಗಲ್ಲಿದ್ದೆ. ಎತ್ಲಿಲ್ಲ. ಆಮೇಲೆ ನಾನೇ ಮಾಡ್ಬೋದಿತ್ತು, ಮಾಡ್ಲಿಲ್ಲ. ನಾಳೆ ಹೆಂಗೂ ಬತ್ತೀನಲ್ಲ ಅಂದ್ಕೊಂಡೆ."

ಏರಿಯ ಕೆಳಗೆ ಇಳಿದು ಒಂದು ಪೈರು ಕಿತ್ತಳು. ದಂಟನ್ನು ಉಗುರಿನಿಂದ ಸೀಳಿದಳು. ಒಳಗೆ ಎಳೆ ತೆನೆ ಹಾಲುಬಿಳುಪಿಗೆ ತುಂಬಿಕೊಂಡಿತ್ತು. ಇನ್ನೊಂದು ದಿನ ಕಾದಿದ್ದರೂ ಕೈಗೆ ಬಂದ ತುತ್ತು ಬಾಯಿಗಿರಲಿಲ್ಲ. ಪಾಂಡವಪುರದ ಗದ್ದೆಯಲ್ಲಿ ಬೆಳೆದ ಹುಡುಗಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅವಳು ಫೋನು ತೆಗೆದು ಬೆಂಗಳೂರಿಗೆ ಹಚ್ಚಿದಳು. ನಾಳೆ ಯಾರೂ ಬರಬೇಡಿ, ಗದ್ದೆ ತುಂಬಿದೆ ಎಂದಳು. ಆ ಕಡೆಯವರು ಏನೋ ಕೇಳಿದರು. "ತುಂಬಬೇಕಿತ್ತು ಸರ್. ನಮ್ಮ ತಾರೀಖು ತಪ್ಪು, ಅವರದು ಸರಿ" ಎಂದು ಇಟ್ಟ ಫೋನನ್ನು ಮತ್ತೆ ತೆಗೆಯಲಿಲ್ಲ.

ರಂಗಸ್ವಾಮಿ ಈಗ ಪ್ರಿಯಾಂಕಳ ಹತ್ತಿರ ಬಂದ.

"ಮುಚ್ಬುಡವ್ವ. ನನ್ ಗದ್ದೆಗೆ ಸಾಕು. ಅವನ್ನ ಒಣಗಿದ್ ನೆಲದಲ್ಲಿ ಮಲಗ್ಸುವ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಏರಿಯ ಮೇಲಿಂದ ಕಾಲುವೆ ಪೂರ್ತಿ ಕಾಣುತ್ತಿತ್ತು. ನೀರು ಮಣ್ಣಿನ ಜಾಗ ದಾಟಿ ಅರ್ಧ ದೂರ ಹೋಗಿತ್ತು. ಅದರಾಚೆಯ ಗದ್ದೆಗಳು ಇನ್ನೂ ಬೂದಿ ಬಣ್ಣದಲ್ಲೇ ಇದ್ದವು. ತೀರ ಕೊನೆಯದು ಮಾರಮ್ಮನ ಹದಿನೈದು ಗುಂಟೆ. ಮುಚ್ಚು ಎಂದು ಅವಳ ಮನಸ್ಸು ಹೇಳಿತು, ಎಷ್ಟು ಬಲವಾಗಿ ಹೇಳಿತೆಂದರೆ ಕೈ ಹಿಡಿಯವರೆಗೂ ಹೋಯಿತು. ಆಮೇಲೆ ಟವೆಲ್ಲಿನ ಗಂಟು ಕಂಡಿತು. ಎರಡು ಸುತ್ತು ಹಾಕಿ ಎಳೆದ ಅಪ್ಪನ ಗಂಟು.

"ಕೊನೇ ಗದ್ದೆಗೆ ನೀರ್ ಹೋಗಿಲ್ಲ ಗೌಡ್ರೆ" ಎಂದಳು. "ಬುಡಿ, ಹರೀಲಿ."

*

ಅವರು ಮನೆಗೆ ಹಿಂತಿರುಗಿದಾಗ ಕುಳ್ಳಮ್ಮ ಮಗಳ ಮುಖ ನೋಡಿಯೇ ತಿಳಿದುಕೊಂಡಳು. ಮುಂಜಾನೆ ಗಂಡ ಗೂಟದಿಂದ ಹಿಡಿ ತೆಗೆಯುವಾಗ ಅವಳು ಎಚ್ಚರವಿದ್ದಳು. ಹೊಡೆ ತುಂಬ್ಯದೆ ಕಣೆ, ಮಾತಿಗೆ ತಪ್ತೀನಿ, ಮೇಡಮ್ಮೋರಿಗೆ ನಾನೇ ಹೇಳ್ತೀನಿ ಎಂದು ಹೋಗಿದ್ದ.

"ಬೆಂಗ್ಳೂರೋರ್ ಮುಂದೆ ನಿಮ್ಮಪ್ಪ ಸುಳ್ಳ ಅನ್ನಿಸ್ಕಬಾರ್ದು ಅಂತ ಬಾಯಿ ಮುಚ್ಕೊಂಡೆ" ಎಂದಳು. ರಂಗಸ್ವಾಮಿಯ ಕಡೆ ತಿರುಗಿ ಕೈ ಮುಗಿದಳು. "ನಿಮ್ಮನ್ನ ಹೊಡ್ಯಾಕೆ ಬಂದ್ರೂ ಸುಮ್ಕಿದ್ದೆ ಗೌಡ್ರೆ. ಪಾಪ ಬಂತು ನಂಗೆ."

ರಂಗಸ್ವಾಮಿ ಹೊರಗೆ ನಿಲ್ಲಿಸಿದ್ದ ತನ್ನ ಬೈಕಿನಿಂದ ಖಾಲಿ ಹಾಲಿನ ಕ್ಯಾನು ಬಿಚ್ಚಿಕೊಂಡು ಮಣ್ಣಿನ ಜಾಗಕ್ಕೆ ನಡೆದ. ಅಂಗಿ ಬಿಚ್ಚಿಟ್ಟು, ಪಂಚೆ ಎತ್ತಿ ಕಟ್ಟಿ, ಗುಂಡಿಗೆ ಇಳಿದ. ಊರಿನ ಗೌಡ ಕೇರಿಯವನ ಗುಂಡಿಗೆ ಇಳಿದದ್ದನ್ನು ನೋಡಿ ಜನ ಹಿಂದಕ್ಕೆ ಸರಿದರು. ಅವನು ಕ್ಯಾನು ತುಂಬಿ ಮೇಲೆತ್ತಿದ. ಒಂದು ಗಳಿಗೆ ಯಾರೂ ಈಸಿಕೊಳ್ಳಲಿಲ್ಲ. ಆಮೇಲೆ, ಮಧ್ಯಾಹ್ನ ಅವನ ಕೊರಳಪಟ್ಟಿ ಹಿಡಿದಿದ್ದವನೇ ಬಗ್ಗಿ ಈಸಿಕೊಂಡ.

ನೀರು ಎತ್ತಿದಷ್ಟೂ ಬರುತ್ತಿತ್ತು. ಕ್ಯಾನು ಕೈಯಿಂದ ಕೈಗೆ ದಾಟಿತು, ಪ್ರಮೀಳಾಳ ಕೈಗೂ ದಾಟಿತು. ಕೆಲಸದ ಭರದಲ್ಲಿ ಯಾರೋ ಅದನ್ನು ಬೇಲಿಯ ಕಡೆ ಚೆಲ್ಲಲು ಹೋದರು. ಪ್ರಿಯಾಂಕ ತಡೆದು ಕಾಲುವೆಗೆ ಹುಯ್ಯಿ ಎಂದಳು. ಅಪ್ಪ ಇದ್ದಿದ್ದರೆ ಬೇಲಿಗೆ ಚೆಲ್ಲಿದವನನ್ನು ಬೈಯುತ್ತಿದ್ದ.

ನಾಲ್ಕು ಗಂಟೆಗೆ ತಮಟೆಯೊಂದಿಗೆ ಚಲುವಯ್ಯನನ್ನು ತಂದರು. ಗುಂಡಿಯ ತಳಕ್ಕೆ ಹುಲ್ಲು ಹಾಸಿ ಮೇಲೆ ಲಕ್ಕಿಸೊಪ್ಪು, ಉಪ್ಪು ಹರಡಿದರು. ಎಷ್ಟು ಹಾಸಿದರೂ ಕೆಳಗಿನ ಹುಲ್ಲು ಒದ್ದೆಯಾಗುವುದು ಕಾಣುತ್ತಿತ್ತು. ಹೆಣ ಇಳಿಸುವಾಗ ಗುಂಡಿಯಲ್ಲಿ ನಿಲ್ಲಬೇಕಾದವರು ರಕ್ತಸಂಬಂಧಿಗಳು. ತಲೆಯ ಕಡೆ ಸೋಮಯ್ಯ ಇಳಿದ. ಕಾಲಿನ ಕಡೆ ರಂಗಸ್ವಾಮಿ ಆಗಲೇ ನಿಂತಿದ್ದ, ಮೇಲೆ ಬಾ ಎಂದು ಅವನಿಗೆ ಯಾರೂ ಹೇಳಲಿಲ್ಲ. ಸೀಳಿದ ಆ ಹಿಮ್ಮಡಿಗಳನ್ನು ಅವನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಸೊಪ್ಪಿನ ಮೇಲೆ ಮಲಗಿಸಿದ. ಪ್ರಿಯಾಂಕ ಮೊದಲ ಹಿಡಿ ಮಣ್ಣು ಹಾಕುವಾಗ ಅಪ್ಪನಿಗೆ ತಪ್ಪಾಯ್ತು ಎಂದಳು. ಕೇಳಿದ್ದು ಒಂದೇ, ಅದನ್ನೂ ಕೊಡಲಾಗಲಿಲ್ಲ. ಮಣ್ಣು ನೀರಿಗೆ ಬಿದ್ದ ಸದ್ದು ಬಂತು.

ಜನ ಕೈಕಾಲು ತೊಳೆದು ಮನೆಗೆ ಹೋಗಿ ದೀಪ ನೋಡುವ ಹೊತ್ತಿಗೆ ಅವಳು ಕಾಲುವೆಯ ಕೊನೆಯಲ್ಲಿ ಮಾರಮ್ಮನ ಜೊತೆ ಕೂತಿದ್ದಳು. ಆರು ಗಂಟೆಗೆ ಸ್ವಲ್ಪ ಮುಂಚೆ ನೀರಿನ ತುದಿ ಕಸಕಡ್ಡಿ ತಳ್ಳಿಕೊಂಡು ಬಂದು ಹದಿನೈದು ಗುಂಟೆಗೆ ಇಳಿಯಿತು. ಒಣಗಿದ್ದ ಬಿರುಕುಗಳು ಅದನ್ನು ಕುಡಿದವು. ಗದ್ದೆ ತುಂಬಿ ಬದುವಿನ ಅಂಚಿಗೆ ನೀರು ತಾಗುವವರೆಗೆ ಇಬ್ಬರೂ ಎದ್ದೇಳಲಿಲ್ಲ.

ಆಮೇಲೆ ಅವಳು ಒಬ್ಬಳೇ ಏರಿ ಹತ್ತಿ ತಿರುವಿನ ಆಚೆಗೆ ಹೋದಳು. ಗಂಟು ಬಿಗಿದಿತ್ತು, ಹಲ್ಲು ಹಚ್ಚಿ ಬಿಚ್ಚಿದಳು. ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಎರಡೂ ಕೈಯಲ್ಲಿ ಹಿಡಿ ತಿರುಗಿಸಿದಳು. ಹದಿನೆಂಟು ಸುತ್ತಿಗೆ ಕೆಳಗಿನ ನೀರಿನ ಸದ್ದು ನಿಂತಿತು.

ಮನೆಗೆ ಬಂದು ಹಿಡಿಯನ್ನು ಗೂಟಕ್ಕೆ ನೇತುಹಾಕಿದಳು. ಕುಳ್ಳಮ್ಮ ಚೊಂಬಿನಲ್ಲಿ ನೀರು ತಂದು, ಕೈ ಚಾಚು ಎಂದಳು. ಪ್ರಿಯಾಂಕ ಕೈ ಚಾಚಿದಳು. ದೀಪದ ಬೆಳಕಿನಲ್ಲಿ ಅವಳ ಎರಡೂ ಅಂಗೈ ಗ್ರೀಸಿಗೆ ಪೂರ್ತಿ ಕಪ್ಪಗಿದ್ದವು. ಕುಳ್ಳಮ್ಮ ಚೊಂಬನ್ನು ಬಗ್ಗಿಸದೆ ನೆಲದ ಮೇಲೆ ಇಟ್ಟಳು.